ಟವಲಿನ ಕೆಳಗಿನ ಕೈ

ದೆವ್ವ, ಗಾಳಿ, ಮಾಟ ಇವೆಲ್ಲ ಒಂದು ಕಾಲದಲ್ಲಿ ನನಗೆ ನಗೆಪಾಟಲಿನ ವಿಷಯ. ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಗಿರಾಕಿಗಳು ಬಂದು, "ಸಾರ್, ಇದಕ್ಕೆ ಯಾರೋ ಏನೋ ಮಾಡ್ಸವ್ರೆ" ಅಂದರೆ, "ಹೌದು, ನಿಮ್ಮ ಮಗನೇ ಮಾಡಿಸಿರೋದು, ಸಿಕ್ಕಿದ ಗೇಮೆಲ್ಲ ಹಾಕವ್ನೆ" ಎಂದು ಮುಖಕ್ಕೇ ಹೇಳಿ ಕಳಿಸುತ್ತಿದ್ದೆ. ಬಾಯಿ ಸ್ವಲ್ಪ ಜಾಸ್ತಿಯೇ ನನಗೆ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ಲ್ಯಾಪ್‌ಟಾಪ್ ಇನ್ನೂ ಎಲ್ಲರ ಕೈಗೆ ಬಂದಿರದ ದಿನಗಳು. ಶ್ರೀನಿವಾಸಪುರದಿಂದ ವೆಂಕಟಲಕ್ಷ್ಮಮ್ಮ ಎಂಬವರು ಫೋನ್ ಮಾಡಿದರು. ಅವರ ಗಂಡ ಕೃಷ್ಣಪ್ಪ ಅಲ್ಲಿ ಮಾವಿನ ಮಂಡಿ ನಡೆಸುತ್ತಿದ್ದರಂತೆ. ಹಿಂದಿನ ಸೀಸನ್ನಿನಲ್ಲಿ ಲಾರಿಗೆ ತೋತಾಪುರಿ ತುಂಬಿಸುತ್ತಾ ನಿಂತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡಿದ್ದರು. ಅವರ ಲ್ಯಾಪ್‌ಟಾಪನ್ನು ಮುಚ್ಚಿಟ್ಟರೆ ಸುಮ್ಮನಿರುವುದಿಲ್ಲ, ತಾನಾಗಿಯೇ ಎದ್ದು ಕೂರುತ್ತದೆ ಎಂಬುದು ದೂರು. "ಜನ ಒಂದೊಂದು ಮಾತಾಡ್ತಾವ್ರೆ ಸಾರ್. ಬಂದು ಸರಿ ಮಾಡ್ಕೊಟ್ಟು ಹೋಗಿ, ಪುಣ್ಯ ಬರುತ್ತೆ ನಿಮ್ಗೆ" ಎಂದರು. ಕೃಷ್ಣಪ್ಪನವರನ್ನು ನಾನು ಕಂಡವನಲ್ಲ, ಅವರ ಫೋಟೋ ಕೂಡ ನೋಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಬಸ್ಸಿಳಿದಾಗ ನೆತ್ತಿಯ ಮೇಲೆ ಸುಡುವ ಬಿಸಿಲು. ಕಾಯಿ ಬರುವುದಕ್ಕೆ ಇನ್ನೂ ಸ್ವಲ್ಪ ದಿನ ಇತ್ತು, ಹಾಗಾಗಿ ಮಂಡಿ ಖಾಲಿ ಹೊಡೆಯುತ್ತಿತ್ತು. ತಗಡಿನ ಚಾವಣಿ, ಮೂಲೆಯಲ್ಲಿ ಹುಲ್ಲು, ಗೋಡೆಗೆ ಒರಗಿಸಿದ ಕ್ರೇಟುಗಳು. ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಮೇಲೆ ಒಂದು ಕೆಂಪು ಗೆರೆಯ ಟವಲು. ಯಜಮಾನರ ಹೆಗಲ ಮೇಲಿರುತ್ತಿದ್ದ ಟವಲಂತೆ. ಧೂಳು ಬೀಳಬಾರದು ಎಂದು ಅವರು ಯಾವಾಗಲೂ ಹಾಗೆ ಮುಚ್ಚುತ್ತಿದ್ದರು, ಇವರೂ ಹಾಗೇ ಬಿಟ್ಟಿದ್ದರು.

ನಮ್ಮ ಕಡೆಯ ವ್ಯಾಪಾರ ನೋಡದವರಿಗೆ ಒಂದು ಮಾತು ಹೇಳಬೇಕು. ಆ ಮಂಡಿಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನು, ಮಾರುವವನು ಇಬ್ಬರೂ ಒಂದು ಟವಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು, ಅದುಮಿ, ಮಡಚಿ ಮಾತು ಮುಗಿಸುತ್ತಾರೆ. ಒಪ್ಪಿಗೆಯಾದರೆ ಮುಷ್ಟಿ ಗಟ್ಟಿಯಾಗಿ ಹಿಡಿಯುತ್ತಾರೆ, ಆಗದಿದ್ದರೆ ಕೈ ತಳ್ಳುತ್ತಾರೆ. ಸುತ್ತ ನಿಂತವರಿಗೆ ಏನೇನೂ ತಿಳಿಯುವುದಿಲ್ಲ. ಇದು ಗಂಡಸರ ವ್ಯವಹಾರ. ಹೆಂಗಸರು ಟವಲಿಗೆ ಕೈ ಹಾಕಿದ್ದನ್ನು ನಾನಂತೂ ನೋಡಿರಲಿಲ್ಲ.

ವೆಂಕಟಲಕ್ಷ್ಮಮ್ಮನ ಕಷ್ಟ ಇದ್ದದ್ದೂ ಅಲ್ಲೇ. "ನಂಗೂ ಮಂಡಿ ನಡೆಸ್ಬೇಕು ಅಂತ ಆಸೆ ಇತ್ತು ಸಾರ್, ಇಬ್ರು ಹೆಣ್ಮಕ್ಳು ಓದ್ತಾವ್ರೆ. ಆದ್ರೆ ನಮ್ಮ ಮೈದುನ ಮುನಿರಾಜು, ಹೆಂಗಸು ಟವಲ್ ಹಿಡಿದ್ರೆ ಯಾವ ವ್ಯಾಪಾರಿ ಬರ್ತಾನೆ ಅಂತಾನೆ. ಬೆರಳಿನ ಲೆಕ್ಕ ನಂಗೆಲ್ಲಿ ಬರುತ್ತೆ ಹೇಳಿ? ಬೀಗದ ಕೈ ಬೆಳಿಗ್ಗೆನೇ ಇಸ್ಕೊಂಡು ಹೋದ. ಇನ್ನೇನು ಬರ್ತಾನೆ, ಎಲ್ಲ ವಹಿಸಿಕೊಡಬೇಕು" ಎಂದರು. ಹೇಳುವಾಗ ಸೆರಗಿನಿಂದ ಮೇಜನ್ನು ಒರೆಸುತ್ತಲೇ ಇದ್ದರು. ನನಗೆ ಪಾಪ ಅನ್ನಿಸಿತು. ಆದರೆ ಅವರ ಮನೆ ವಿಷಯ, ನಾನು ಯಾರು ಬಾಯಿ ಹಾಕಲು?

ಕೆಲಸ ಶುರು ಮಾಡಿದೆ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪು ನಿದ್ದೆಗೆ ಹೋಗಬೇಕು, ಮುಂದಿನ ಸಣ್ಣ ದೀಪ ನಿಧಾನವಾಗಿ ಮಿಣುಕುತ್ತಿರಬೇಕು. ಇದರಲ್ಲಿ ದೀಪ ಸ್ವಲ್ಪ ಹೊತ್ತು ಮಿಣುಕಿ ಆಮೇಲೆ ನಿಂತು ಉರಿಯುತ್ತಿತ್ತು, ಒಳಗೆ ಫ್ಯಾನು ತಿರುಗಲು ಶುರುವಾಗುತ್ತಿತ್ತು. ಎತ್ತಿ ನೋಡಿದರೆ ಪರದೆ ಬೆಳಗಿರುತ್ತಿತ್ತು. ಮೌಸ್ ಅಲುಗಿದರೂ ಕೆಲವು ಸಲ ಏಳುತ್ತದೆ, ಅದನ್ನು ಕಿತ್ತೆ. ನೆಟ್‌ವರ್ಕ್ ಕಾರ್ಡು ಎಬ್ಬಿಸದ ಹಾಗೆ ಮಾಡಿದೆ. ವೈರಸ್ ಹುಡುಕುವ ಪ್ರೋಗ್ರಾಮಿಗೆ ಇಟ್ಟಿದ್ದ ಸಮಯವನ್ನು ತೆಗೆದುಹಾಕಿದೆ. ಕೊನೆಗೆ ನೋಡಿದರೆ, ಮುಚ್ಚಳ ಮುಚ್ಚಿದಾಗ ಒಳಗೆ ಹೋಗಬೇಕಾದ ಸಣ್ಣ ಗುಂಡಿ ಧೂಳು, ಹುಲ್ಲಿನ ಪುಡಿ ಸೇರಿ ಅಂಟಿಕೊಂಡಿತ್ತು. ಬ್ರಷ್ಷಿನಿಂದ ಕೆರೆದು ತೆಗೆದು, "ನೋಡಿಮ್ಮ, ಇದೇ ನಿಮ್ಮ ದೆವ್ವ" ಎಂದು ಆ ಕಸವನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅವರೂ ನಕ್ಕರು.

ಮುಚ್ಚಳ ಮುಚ್ಚಿದೆ. ಅವರು ರೂಢಿಯಂತೆ ಟವಲು ಹೊದಿಸಿ, ನನಗೆ ನೀರು ತರಲು ಆ ತುದಿಯಲ್ಲಿದ್ದ ಮಡಕೆಯ ಹತ್ತಿರ ಹೋದರು. ಸ್ವಲ್ಪ ಹೊತ್ತು ಬಿಟ್ಟು, ಫ್ಯಾನು ತಿರುಗುತ್ತಿದೆಯೇ, ಬಿಸಿ ಇಳಿದಿದೆಯೇ ನೋಡೋಣ ಎಂದು ಟವಲಿನ ಕೆಳಗೆ ಕೈ ಹಾಕಿದೆ. ಮುಚ್ಚಳ ತಣ್ಣಗಿತ್ತು. ಸರಿಹೋಯಿತು ಅಂದುಕೊಂಡೆ.

ಆಗ ಒಂದು ಕೈ ನನ್ನ ಬೆರಳುಗಳನ್ನು ಹಿಡಿಯಿತು.

ಗಂಡಸಿನ ಕೈ. ಒರಟು, ಬೆಚ್ಚಗೆ. ಟವಲು ಲ್ಯಾಪ್‌ಟಾಪಿನ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು, ನನ್ನ ಕೈ ಇದ್ದ ಕಡೆ ಬಿಟ್ಟರೆ ಎಲ್ಲೂ ಉಬ್ಬಿರಲಿಲ್ಲ. ಆದರೂ ಆ ಕೈ ಅವಸರವಿಲ್ಲದೆ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು. ಅದರ ಉಂಗುರದ ಬೆರಳಿಗೆ ತುದಿ ಇರಲಿಲ್ಲ, ಮೊಂಡಾಗಿತ್ತು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ಆಚೆ ತಳ್ಳಿತು. ವ್ಯಾಪಾರ ನಿನ್ನ ಜೊತೆಯಲ್ಲ ಎನ್ನುವಂತೆ ತಳ್ಳಿತು.

"ಅಯ್ಯಯ್ಯೋ!" ಎಂದು ಕಿರುಚಿಕೊಂಡು ನಾನು ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದೆ. ವೆಂಕಟಲಕ್ಷ್ಮಮ್ಮ ಲೋಟ ಹಿಡಿದುಕೊಂಡೇ ಓಡಿಬಂದರು. "ಯಜಮಾನರ ಕೈಬೆರಳಿಗೆ ಏನಾದ್ರೂ ಆಗಿತ್ತೇನಮ್ಮ?" ಅಂತ ಕೇಳುವುದಕ್ಕೇ ಸಾಕುಬೇಕಾಯಿತು.

"ಉಂಗುರದ ಬೆರಳು. ತಗಡು ಕೊಯ್ದು ತುದಿ ಹೋಗಿತ್ತು. ನಿಮ್ಗೆ ಯಾರು ಹೇಳಿದ್ರು?" ಎಂದರು. ನಾನು ಟವಲಿನ ಕಡೆ ನೋಡಿದೆ. ಅವರೂ ನೋಡಿದರು.

ನಾನಾಗಿದ್ದರೆ ಆ ಜಾಗ ಬಿಟ್ಟು ಓಡುತ್ತಿದ್ದೆ. ಆ ತಾಯಿ ಓಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಬಲಗೈಯನ್ನು ಟವಲಿನ ಕೆಳಗೆ ಇಟ್ಟರು. ಸ್ವಲ್ಪ ಹೊತ್ತಿಗೆ, "ಏಮಂಡೀ..." ಎಂದರು. ಗಂಡನನ್ನು ಕರೆಯುವ ತೆಲುಗಿನ ಮಾತು ಅದು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ತುಟಿ ಮಾತ್ರ ಏನನ್ನೋ ಎಣಿಸುತ್ತಿದ್ದಂತೆ ಅಲುಗುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದರೋ ನನಗೆ ತಿಳಿಯದು. ನಾನು ಬಿದ್ದ ಸ್ಟೂಲನ್ನು ಎತ್ತಿ ದೂರಕ್ಕೆ ಹಾಕಿಕೊಂಡು ಕೂತೆ.

ಹೊರಗೆ ಬೈಕು ನಿಂತ ಸದ್ದಾಯಿತು. ಮುನಿರಾಜು ಬೀಗದ ಕೈ ಗೊಂಚಲನ್ನು ಬೆರಳಿಗೆ ಸುತ್ತಿಕೊಂಡು ಒಳಗೆ ಬಂದು, "ಏನತ್ತಿಗೆ, ರೆಡಿನಾ? ರಿಪೇರಿ ಆಯ್ತಾ?" ಎಂದ. ವೆಂಕಟಲಕ್ಷ್ಮಮ್ಮ ಕಣ್ಣೊರೆಸಿಕೊಂಡರು. ಲ್ಯಾಪ್‌ಟಾಪಿನ ಮೇಲಿದ್ದ ಟವಲನ್ನು ಎಳೆದು ತಮ್ಮ ಬಲಗೈ ಮೇಲೆ ಹಾಕಿಕೊಂಡು ಮೈದುನನ ಕಡೆ ಚಾಚಿದರು.

"ಬಾ ಮುನಿರಾಜು. ಬಾಯಿಮಾತು ಬೇಡ, ಕೈ ಕೊಡು."

"ಏನತ್ತಿಗೆ ತಮಾಷೆ? ನಿಮ್ಗೆಲ್ಲಿ ಬರುತ್ತೆ ಇದೆಲ್ಲ!"

"ಕೊಡು ಅಂದ್ನಲ್ಲ."

ಅವನು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ನಗುತ್ತಲೇ ಟವಲಿನ ಕೆಳಗೆ ಕೈ ಹಾಕಿದ. ಮುಂದಿನ ಗಳಿಗೆಯಲ್ಲಿ ಆ ನಗು ಎಲ್ಲಿ ಹೋಯಿತೋ! ಮುಖದಲ್ಲಿ ರಕ್ತವೇ ಇಲ್ಲದ ಹಾಗಾಯಿತು. ಕೈ ಎಳೆದುಕೊಳ್ಳಲು ನೋಡಿದ, ಬರಲಿಲ್ಲ. ಅತ್ತಿಗೆಯ ಮುಖವನ್ನೇ ನೋಡುತ್ತಾ ಸಣ್ಣ ಮಗುವಿನ ದನಿಯಲ್ಲಿ, "ಅಣ್ಣಾ" ಅಂದ. ನಾನು ಕಿವಿಯಾರೆ ಕೇಳಿದೆ. ಕೈ ಬಿಡುಗಡೆಯಾದ ಕೂಡಲೇ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಬೈಕು ಹತ್ತಿದವನಿಗೆ ಅದನ್ನು ಸ್ಟಾರ್ಟ್ ಮಾಡಲೂ ಆಗಲಿಲ್ಲ, ತಳ್ಳಿಕೊಂಡೇ ಹೋದ.

ಆ ವರ್ಷದಿಂದ ಮಂಡಿಯನ್ನು ವೆಂಕಟಲಕ್ಷ್ಮಮ್ಮನೇ ನಡೆಸಿದರು, ಟವಲು ಹಿಡಿದೇ ನಡೆಸಿದರು. ಲ್ಯಾಪ್‌ಟಾಪು ಮತ್ತೆ ತೊಂದರೆ ಕೊಡಲಿಲ್ಲವೆಂದು ಫೋನಿನಲ್ಲಿ ಹೇಳಿದರು. ಅದಕ್ಕೆ ನಾನು ಗುಂಡಿ ಸ್ವಚ್ಛ ಮಾಡಿದ್ದೇ ಕಾರಣ ಇರಬಹುದು. ಟವಲಿನ ಕೆಳಗೆ ಏನು ನಡೆಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಿಸಿಲಿಗೆ ತಲೆ ಸುತ್ತಿ ನನಗೆ ಭ್ರಮೆ ಹಿಡಿದಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮೊಂಡು ಬೆರಳಿನ ವಿಷಯ ಬಸ್ಸಿನಲ್ಲೋ ಎಲ್ಲೋ ಯಾರದೋ ಬಾಯಲ್ಲಿ ಕಿವಿಗೆ ಬಿದ್ದಿರಬೇಕು ಎಂದೂ ಅಂದುಕೊಂಡಿದ್ದೇನೆ. ನನ್ನ ಮಟ್ಟಿಗೆ ಅದನ್ನು ಒಪ್ಪಿಬಿಡಲೂ ತಯಾರು. ಆದರೆ ಮುನಿರಾಜುಗೆ ನಾವಿಬ್ಬರೂ ಏನನ್ನೂ ಹೇಳಿರಲಿಲ್ಲ. ಅವನು ಒಳಗೆ ಬಂದದ್ದೇ ಆಗ, ಕೈ ಕೊಟ್ಟದ್ದು ಅತ್ತಿಗೆಗೆ. ಹಾಗಾದರೆ ಅವನು "ಅಣ್ಣಾ" ಎಂದು ಕರೆದದ್ದು ಯಾರನ್ನು?