ಬುತ್ತಿ ಚೀಲದ ಹನ್ನೆರಡನೇ ಪತ್ರಿಕೆ

ಬೇಮಳಖೇಡದ ಜಗದೇವಿ ಹತ್ತನೇ ಇಯತ್ತೆ ಕಲಿತದ್ದು ಬುತ್ತಿ ಚೀಲದಲ್ಲಿ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನಡೆದದ್ದು ಹಾಗೇ. ಹೈಸ್ಕೂಲು ದೂರವೆಂದು ಏಳನೆಯದಕ್ಕೇ ಅವಳ ಶಾಲೆ ಬಿಡಿಸಿದ್ದರು. ಮನೆಯಲ್ಲೇ ಓದಿ ಹತ್ತನೆಯ ಪರೀಕ್ಷೆಗೆ ಕಟ್ಟಬಹುದೆಂದು 1998ರಲ್ಲಿ ರೇಡಿಯೊದಲ್ಲಿ ಕೇಳಿದ್ದೇ ತಡ, ಹುಡುಗಿ ಹಟ ಹಿಡಿದು ಕುಳಿತಳು. ಹುಮನಾಬಾದಿನ ಕೇಂದ್ರದಿಂದ ಪಾಠ ಬರಬೇಕು. ಸ್ವಂತ ಕೈಬರಹದ ಹನ್ನೆರಡು ಉತ್ತರ ಪತ್ರಿಕೆ ಅಲ್ಲಿಗೆ ಹೋಗಬೇಕು. ಅಲ್ಲಿ ಕಾಲೇಜು ಓದುತ್ತಿದ್ದ ಅಣ್ಣ ಸಂಜುಕುಮಾರನಿಗೆ ದಿನಾ ಬೆಳಗಿನ ಬಸ್ಸಿನಲ್ಲಿ ಬುತ್ತಿ ಹೋಗುತ್ತಿತ್ತಲ್ಲ, ಅದೇ ಅವಳ ಅಂಚೆಯಾಯಿತು. ರೊಟ್ಟಿಯ ಜೊತೆ ಉತ್ತರ ಹೋಯಿತು, ಖಾಲಿ ಡಬ್ಬಿಯ ಜೊತೆ ಪಾಠ ಬಂತು. ಹೀಗೆ ಹನ್ನೊಂದು ಪತ್ರಿಕೆ ದಾಟಿದವು.

ಹನ್ನೆರಡನೆಯದಕ್ಕೆ ಜನವರಿಯ ಕೊನೆಯ ಶನಿವಾರ ಸಂಜೆ ಐದರ ಗಡುವು. ತಪ್ಪಿದರೆ ಆ ವರ್ಷ ಪರೀಕ್ಷೆಯಿಲ್ಲ. ಮುಂದಿನ ವರ್ಷ ಮನೆಯಲ್ಲಿ ಓದಲು ಬಿಡುತ್ತಾರೆಂಬ ಭರವಸೆಯೂ ಇರಲಿಲ್ಲ.

ಅವತ್ತೇ ತಾಯಿ ಗಯಾಬಾಯಿಗೆ ಚೀಲ ಒಗೆಯುವ ಹುಕಿ ಬರಬೇಕೆ! ಗುರುತಿನ ಕೆಂಪು ಚಿಂದಿ ಬಿಚ್ಚಿ, ಕೈಗೆ ಸಿಕ್ಕ ಹಳದಿ ಚಿಂದಿ ಕಟ್ಟಿ, ರೊಟ್ಟಿಯ ಜೊತೆ ಆ ಕೊನೆಯ ಪತ್ರಿಕೆಯನ್ನೂ ಇಟ್ಟು ಕಳಿಸಿದಳು. ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುತ್ತ ಹುಡುಗರ ಬುತ್ತಿ ಕಾಯುವ ವಜೀರಬಿ ಬಣ್ಣ ನೋಡಿಯೇ ಚೀಲ ಕೊಡುವವಳು. ಹಳದಿ ಎಂದರೆ ಮನ್ನಾಏಖೇಳ್ಳಿಯ ಹುಡುಗನ ಗುರುತು. ಅವನು ಚೀಲ ಹಿಡಿದುಕೊಂಡು ಬಸವಕಲ್ಯಾಣದ ಬಸ್ ಹತ್ತಿಬಿಟ್ಟ.

ಎರಡು ಗಂಟೆಗೆ ತಿರುಗಿ ಬಂದ ಬಸ್ಸಿನ ಬಾಗಿಲಿನಿಂದಲೇ ಕಂಡಕ್ಟರ್ ಪಂಡರಿ ಕೂಗಿದ.

"ಜಗದೇವಿ, ನಿಮ್ಮ ಚೀಲ ಕಲ್ಯಾಣಕ್ಕ ಹೋಗ್ಯಾದ! ಸಂಜು ಉಪಾಸ ಕುಂತಾನ."

ಅವಳು ಬಸ್ಸಿನ ಬಾಗಿಲಿಗೆ ಓಡಿದಳು. "ಈ ಬಸ್ ತಿರಗಿ ಯಾವಾಗ ಹೋಗ್ತದ್ರಿ?"

"ಈಗೇ. ಹತ್ತತಿದ್ರ ಹತ್ತು."

ಒಬ್ಬಳೇ ಊರು ದಾಟಿದವಳಲ್ಲ. ತಾಯಿಯ ಮುಖ ನೋಡಿದಳು.

"ನನ್ನ ಮಾರಿ ಏನ್ ನೋಡಾಕತ್ತಿ? ಹೋಗು ನನ್ನವ್ವಾ!" ಎಂದು ಗಯಾಬಾಯಿ ಬೆನ್ನಿಗೆ ಕೈಕೊಟ್ಟು ಹತ್ತಿಸಿಯೇಬಿಟ್ಟಳು.

ದಾರಿಯುದ್ದಕ್ಕೂ ಭಯವಾಗಬೇಕಿತ್ತು, ಆದದ್ದು ಖುಷಿ. ಹೊರಗೆ ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು, ಒಳಗೆ ಹುಡುಗಿ ಕೇಂದ್ರದಲ್ಲೇ ಕೂತು ಮತ್ತೆ ಬರೆದುಕೊಡಲೆಂದು ಹನ್ನೆರಡನೆಯ ಪಾಠ ಬಾಯಿಪಾಠ ಒಪ್ಪಿಸುತ್ತಿದ್ದಳು. ಸ್ಟ್ಯಾಂಡಿನಲ್ಲಿ ಕಾದಿದ್ದ ಸಂಜು ಹಸಿದ ಹೊಟ್ಟೆಯಲ್ಲೇ ಅವಳನ್ನು ಕೇಂದ್ರಕ್ಕೆ ಓಡಿಸಿಕೊಂಡು ಹೋದ.

ಚೀಲ ತಪ್ಪಿದ ಸಂಗತಿ ಕೇಳಿ ಕೇಂದ್ರದ ಬಸವಣಪ್ಪ ಮಾಸ್ತರರು ಕನ್ನಡಕ ಏರಿಸಿ ನೋಡಿದರು.

"ನೀ ಜಗದೇವಿ ಏನು? ಖರೇ ಹೇಳು, ಇಷ್ಟ್ ದಿನಾ ಬರದಾಂವ ನಿಮ್ಮಣ್ಣ ಅಲ್ಲೇನು? ನನಗ ಮೊದಲಿಂದ ಅನುಮಾನ ಅದ."

ಜಗದೇವಿಗೆ ಸಿಟ್ಟು ನೆತ್ತಿಗೇರಿತು. ರೊಟ್ಟಿ ಬಡಿದ ಕೈಯಲ್ಲೇ ಬರೆದವಳು ಅವಳು, ಹೆಸರು ಅಣ್ಣನದು!

"ಹಾಳಿ ಕೊಡ್ರಿ ಸರ್. ನಿಮ್ಮ ಮುಂದೇ ಬರೀತೀನಿ."

ತಲೆಯೆತ್ತದೆ ಬರೆದಳು. ಐದಕ್ಕೆ ಐದು ನಿಮಿಷವಿರುವಾಗ ಪೆನ್ನಿಟ್ಟಳು. ಮಾಸ್ತರರು ಕಪಾಟಿನಿಂದ ಹನ್ನೊಂದು ಪತ್ರಿಕೆ ತೆಗೆದು ಪಕ್ಕದಲ್ಲಿಟ್ಟರು. ಅದೇ ದುಂಡಕ್ಷರ, ಅದೇ ಮೇಲಕ್ಕೇರುವ ಸಾಲು. ಹಳೆಯವುಗಳ ಅಂಚಿನಲ್ಲಿ ಪಲ್ಯದ ಎಣ್ಣೆ ಕಲೆಯಿತ್ತು, ಹೊಸದರಲ್ಲಿ ಇರಲಿಲ್ಲ. ಅಷ್ಟೇ ವ್ಯತ್ಯಾಸ.

ಮಾಸ್ತರರು ಹೊಸ ಪತ್ರಿಕೆಯ ಮೇಲೆ ಕೇಂದ್ರದ ಸಿಕ್ಕಾ ಒತ್ತಿದರು. "ನಂದೇ ತಪ್ಪಾತವ್ವಾ. ಪರೀಕ್ಷಾಕ್ಕ ಯಾರ್ ಕರ್ಕೊಂಡು ಬರ್ತಾರ?"

"ಯಾರೂ ಬ್ಯಾಡ್ರಿ. ನಾನೇ ಬರ್ತೀನಿ."

ಪರೀಕ್ಷೆಯ ದಿನ ಗಯಾಬಾಯಿ ಎರಡು ಬುತ್ತಿ ಕಟ್ಟಿದಳು. ಒಂದನ್ನು ಪಂಡರಿಯ ಕೈಗಿತ್ತಳು, ಇನ್ನೊಂದನ್ನು ಮಗಳ ಕೈಗೆ.