ಬಾಲಕ್ಕೆ ಬೈಕು ಕಟ್ಟಿದ ಚಳಿಗಾಲ

ಆಗೆಲ್ಲ ಕುವೈತಿನಲ್ಲಿ ಏಸಿ ನಿಲ್ಲಿಸಿದ ದಿನವೇ ನಮಗೆ ಹಬ್ಬ. ಅಬ್ಬಾಸಿಯಾದ ನಮ್ಮ ಪುಟ್ಟ ಫ್ಲ್ಯಾಟಿನ ಕಿಟಕಿಗಳು ಎಷ್ಟೋ ತಿಂಗಳ ಮೇಲೆ ತೆರೆದುಕೊಳ್ಳುತ್ತಿದ್ದವು. ಬೀದಿ ಮೂಲೆಯಿಂದ ಸುಟ್ಟ ಜೋಳದ ವಾಸನೆ ಮೇಲಕ್ಕೆ ಬರುತ್ತಿತ್ತು. ಶಾಲೆಯ ಬಸ್ಸಿನಲ್ಲಿ ಮಕ್ಕಳ ಬಾಯಲ್ಲಿ ಒಂದೇ ಮಾತು: ಈ ವಾರ ಮರುಭೂಮಿಗೆ ಯಾರು ಹೋಗುತ್ತಾರೆ? ಅರಬರು ಅದಕ್ಕೆ ‘ಕಶ್ತಾ’ ಎನ್ನುತ್ತಾರೆ. ಊರಾಚೆಯ ಮರಳಿನಲ್ಲಿ ಡೇರೆ ಹಾಕಿ, ಬೆಂಕಿ ಮಾಡಿ, ಮಾಂಸ ಸುಟ್ಟು, ಬೈಕು ಓಡಿಸಿ ಎರಡು ದಿನ ಕಳೆಯುವುದು. ನಮ್ಮವರೂ ಅದನ್ನು ಕಲಿತಿದ್ದರು. ಅವರು ತಮ್ಮ ಕಾವಾ ಕಾಫಿ ಕುದಿಸುವ ಹೊತ್ತಿಗೆ ನಮ್ಮವರು ನೀರುದೋಸೆ ಹೊಯ್ಯುತ್ತಿದ್ದರು, ವ್ಯತ್ಯಾಸ ಅಷ್ಟೆ.

ನನ್ನ ಅಪ್ಪ ರಾಯ್ ಎಂಬ ಬಡಾವಣೆಯ ಒಂದು ಫರ್ನಿಚರ್ ಶೋರೂಮಿನಲ್ಲಿ ಸೇಲ್ಸ್‌ಮನ್. ಉಡುಪಿ ಕಡೆಯವರು, ಮನೆಯಲ್ಲಿ ತುಳು ಮಾತು. ದುಡ್ಡಿನಲ್ಲಿ, ಓದಿನಲ್ಲಿ ನಮ್ಮ ಕನ್ನಡದ ಗುಂಪಿನಲ್ಲಿ ಅಪ್ಪನಿಗಿಂತ ಮೇಲಿನವರೇ ಎಲ್ಲರೂ. ಆದರೆ ಸ್ಟೇರಿಂಗ್ ಹಿಡಿದರೆ ಅಪ್ಪನಿಗೆ ಸಾಟಿ ಇರಲಿಲ್ಲ. ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆ, ಊರಿಂದ ಬರುವ ಮುದುಕರನ್ನು ಏರ್‌ಪೋರ್ಟಿನಿಂದ ತರಬೇಕೆ, ಯಾರದೋ ಹೆಂಡತಿಗೆ ಲೈಸೆನ್ಸ್ ಪರೀಕ್ಷೆಗೆ ಕಲಿಸಬೇಕೆ, ಫೋನು ನಮ್ಮ ಮನೆಗೇ. ‘ಸದಾನಂದಣ್ಣ ಓಡಿಸಿದರೆ ಮಗು ಏಳುವುದಿಲ್ಲ’ ಎಂದು ಹೆಂಗಸರು ಹೇಳುತ್ತಿದ್ದರು. ಆ ಊರಿನಲ್ಲಿ ನಮಗಿದ್ದ ಮರ್ಯಾದೆ ಅದೊಂದೇ. ಅದನ್ನೇ ಮೂರ್ತಿ ಅಂಕಲ್ ಕಿತ್ತುಕೊಂಡರು. ಅವರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೂರ್ತಿ ಅಂಕಲ್ ಮೈಸೂರಿನವರು, ಮೆಕ್ಯಾನಿಕಲ್ ಇಂಜಿನಿಯರ್, ರುಮೈಥಿಯಾದಲ್ಲಿ ದೊಡ್ಡ ಮನೆ. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಅವರು ಒಂದು ಹಳೆಯ ಕ್ಯಾರವಾನ್ ಕೊಂಡರು. ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಂಚ, ಒಲೆ, ಸಿಂಕು ಇರುವ ಬಿಳಿ ಮನೆ. ಅವರಿಗೂ ಅವರ ಮಗ ನಿಖಿಲನಿಗೂ ಮರಳಿನಲ್ಲಿ ಓಡಿಸುವ ಎರಡು ಬೈಕುಗಳಿದ್ದವು. ಅವನ್ನು ಬೇರೆ ಪಿಕಪ್‌ನಲ್ಲಿ ತರುವುದು ತಾಪತ್ರಯವೆಂದು ಅಂಕಲ್ ತಾವೇ ಡ್ರಾಯಿಂಗ್ ಬರೆದು, ಶುವೈಖ್‌ನ ಒಂದು ವರ್ಕ್‌ಶಾಪಿನಲ್ಲಿ ಕ್ಯಾರವಾನಿನ ಹಿಂಭಾಗಕ್ಕೆ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಿದರು. ಎರಡೂ ಬೈಕುಗಳು ಅದರ ಮೇಲೆ ಅಡ್ಡಡ್ಡ ನಿಲ್ಲುತ್ತಿದ್ದವು.

ಹೊಸ ಗಾಡಿಯ ಮೊದಲ ಪ್ರಯಾಣ. ಒಳಗೆ ಒಲೆ ಇದೆ, ಮಂಚ ಇದೆ ಎಂದ ಮೇಲೆ ಅದು ಮನೆಯೇ ಅಲ್ಲವೆ? ಮರಳಿಗೆ ಹೋಗಿ ಅದಕ್ಕೆ ಗೃಹಪ್ರವೇಶ ಮಾಡುವುದು, ಒಳಗಿನ ಒಲೆಯಲ್ಲಿ ಹಾಲು ಉಕ್ಕಿಸುವುದು ಎಂದು ತೀರ್ಮಾನವಾಯಿತು. ಎರಡೇ ಮನೆಯವರು, ಅವರು ಮತ್ತು ನಾವು. ನಮ್ಮನ್ನು ಯಾಕೆ ಕರೆದರೆಂದು ನನಗೆ ಆಗ ಹೊಳೆದಿರಲಿಲ್ಲ. ಅಂಕಲ್‌ಗೆ ದೂರ ಡ್ರೈವ್ ಮಾಡುವುದೆಂದರೆ ಬೇಜಾರು.

ಶುಕ್ರವಾರ ಬೆಳಿಗ್ಗೆ ಅವರ ಮನೆ ಮುಂದೆ ಸಾಮಾನು ತುಂಬುತ್ತಿದ್ದೆವು. ಅಮ್ಮ ಹಿಂದಿನ ದಿನವೇ ಬಂಗುಡೆಗೆ ಮಸಾಲೆ ಹಚ್ಚಿ ಐಸಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅಪ್ಪ ಅದನ್ನೆತ್ತಿ ಕ್ಯಾರವಾನಿನ ಮುಂಭಾಗದ ಮಂಚದಡಿ ಇಡಲು ಹೋದರು.

“ಸದಾನಂದ, ಮೀನು ಮುಂದೆ ಬೇಡಪ್ಪ,” ಎಂದರು ಅಂಕಲ್. “ದೇವರ ಪಟ ಅಲ್ಲಿದೆ.”

“ಬಂಗುಡೆ ಸತ್ತು ಆಯ್ತಲ್ಲ ಸಾರ್. ಅದು ಇನ್ನು ದೇವರಿಗೆ ಎಂತ ಮಾಡ್ತದೆ?”

“ತಮಾಷೆ ಸಾಕು. ಹಿಂದಕ್ಕಿಡಿ. ಮೀನು ಮುಟ್ಟಿದ್ದೆಲ್ಲ ಹಿಂದಕ್ಕೇ ಇರ್ಲಿ.”

ಹಾಗೆ ಮೀನಿನ ಪೆಟ್ಟಿಗೆಗಳು, ಅದನ್ನು ಬೇಯಿಸುವ ಬೇರೆ ಒಲೆ, ಸಿಲಿಂಡರು, ಅದಕ್ಕೆ ಬೇಕಾದ ನೀರಿನ ಕ್ಯಾನುಗಳು, ಇದ್ದಿಲ ಮೂಟೆ ಎಲ್ಲ ಹಿಂಬದಿಗೆ ಹೋದವು. ಅದರ ಹಿಂದೆ ಎರಡು ಬೈಕು. ಮುಂದೆ ಉಳಿದದ್ದು ದೇವರ ಪಟ, ಹೂವು, ದೀಪ, ಹಾಲಿನ ಪಾತ್ರೆ, ಅಂಕಲ್ ಹೆಂಡತಿ ಸುಧಾ ಆಂಟಿಯ ಪುಳಿಯೋಗರೆ ಡಬ್ಬ.

ಅಂಕಲ್ ಕಾರಿಗೆ ಕೊಂಡಿ ಹಾಕಿದ ಮೇಲೆ ನಿಖಿಲ್ ದೂರ ನಿಂತು ನೋಡಿದ. “ಅಪ್ಪಾ, ಇಟ್ಸ್ ಲೀನಿಂಗ್ ಬ್ಯಾಕ್.”

“ರಾಜನ ಥರ ಮೂತಿ ಎತ್ತಿ ನಿಂತಿದೆ ಕಣೋ,” ಎಂದು ಅಂಕಲ್ ನಕ್ಕರು. ಎಲ್ಲರೂ ನಕ್ಕೆವು.

ಹಾಲಿನ ಪಾತ್ರೆ ಚೆಲ್ಲಬಾರದಲ್ಲ. ಸುಧಾ ಆಂಟಿ ಅಮ್ಮನ ಕಡೆ ತಿರುಗಿದರು. “ಲಲಿತಾ, ನೀವು ಒಳಗೇ ಕೂತ್ಕೋತೀರಾ? ಒಂಚೂರು ಹಿಡ್ಕೊಂಡ್ರೆ ಆಯ್ತು. ಶುಭಕಾರ್ಯ ನೋಡಿ.”

ಎಳೆಯುವ ಗಾಡಿಯೊಳಗೆ ಜನ ಕೂರಬಾರದೆಂದು ಅಲ್ಲಿದ್ದ ದೊಡ್ಡವರಿಗೆಲ್ಲ ಗೊತ್ತಿತ್ತು. ಅಪ್ಪ ಒಮ್ಮೆ ಅಮ್ಮನನ್ನು, ಒಮ್ಮೆ ಅಂಕಲ್‌ನನ್ನು ನೋಡಿದರು. ಅಂಕಲ್ ಆಗಲೇ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡಿದ್ದರು. “ಯಲ್ಲಾ ಸದಾನಂದ, ಬಿಸಿಲೇರತ್ತೆ.” ಅಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹತ್ತಿದರು.

ಸಾಲ್ಮಿ ರಸ್ತೆ ನೇರ, ಎರಡೂ ಕಡೆ ಬರೀ ಮರಳು. ಹಿಂದಿನ ಸೀಟಿನಲ್ಲಿ ನಿಖಿಲ್, ಸುಧಾ ಆಂಟಿ, ನಾನು. ನಾನು ಮಂಡಿಯೂರಿ ಹಿಂದಕ್ಕೆ ತಿರುಗಿ ಕೂತಿದ್ದೆ. ಕ್ಯಾರವಾನಿನ ಮುಂದಿನ ಗೋಡೆಯಲ್ಲಿ ಒಂದು ಕಿಟಕಿ, ಅದರಲ್ಲಿ ಅಮ್ಮನ ಮುಖ. ನಾನು ನಾಲಗೆ ಚಾಚಿದರೆ ಅಮ್ಮನೂ ಚಾಚುತ್ತಿದ್ದರು. ಗಾಜಿಗೆ ಮೂಗು ಒತ್ತಿ ಹಂದಿಯ ಮುಖ ಮಾಡುತ್ತಿದ್ದರು. ಅಷ್ಟು ಎಳೆಯವರಾಗಿ ನಾನು ಅವರನ್ನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಒಂದು ದೊಡ್ಡ ಟ್ರಕ್ಕು ನಮ್ಮನ್ನು ಹಿಂದೆ ಹಾಕಿತು. ಅದರ ಗಾಳಿ ಬಡಿದದ್ದೇ ಕಿಟಕಿ ಸ್ವಲ್ಪ ಎಡಕ್ಕೆ ಸರಿಯಿತು. ಆಮೇಲೆ ಬಲಕ್ಕೆ. ಅಮ್ಮ ಆಟವೆಂದುಕೊಂಡು ನಕ್ಕರು. ಮುಂದಿನ ಸಲ ಅಮ್ಮನ ಮುಖ ಅರ್ಧ ಕಾಣಿಸಲಿಲ್ಲ. ಅದರ ಮುಂದಿನ ಸಲ ಕಿಟಕಿ ಪೂರ್ತಿ ಎಡಕ್ಕೆ ಹೋಗಿ ಮಾಯವಾಗಿ, ಬಿಳಿ ಗೋಡೆಯಷ್ಟೇ ಬೀಸಿಕೊಂಡು ಹೋಯಿತು. ತಿರುಗಿ ಬಂದಾಗ ಅಮ್ಮ ನಗುತ್ತಿರಲಿಲ್ಲ. ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿದ್ದರು. ಕಣ್ಣು ನನ್ನ ಮೇಲಿತ್ತು. ಇವತ್ತಿಗೂ ಯಾವುದಾದರೂ ಕಾರಿನ ಹಿಂದೆ ಗಾಡಿ ಕಟ್ಟಿರುವುದು ಕಂಡರೆ ಅಲ್ಲಿ ಆ ಅಂಗೈಗಳನ್ನು ಹುಡುಕುತ್ತೇನೆ.

“ಬ್ರೇಕ್! ಬ್ರೇಕ್ ಹೊಡಿಯೋ!” ಅಂಕಲ್ ಕೂಗಿದರು.

“ಬೇಡ ಸಾರ್, ನಿಧಾನ ಮಾಡ್ತೇನೆ...”

“ಹೊಡಿ ಅಂದ್ನಲ್ಲ! ಇಂಜಿನಿಯರ್ ನಾನಾ ನೀನಾ?”

ಅಪ್ಪ ಬ್ರೇಕು ಒತ್ತಿದರು. ಕ್ಯಾರವಾನು ನಮ್ಮ ಪಕ್ಕಕ್ಕೇ ಬಂತು. ಕಾರು ಅಡ್ಡಡ್ಡ ಎಳೆದುಕೊಂಡು ಮರಳಿಗಿಳಿಯಿತು. ಲೋಹ ಹರಿಯುವ ಸದ್ದು, ಆಮೇಲೆ ಸದ್ದೇ ಇಲ್ಲ.

ಹೊರಗೆ ಬಂದಾಗ ಬಿಳಿ ಮನೆ ಮಗ್ಗುಲಾಗಿ ಬಿದ್ದಿತ್ತು. ಪೆಟ್ರೋಲು, ಹಾಲು, ಮೀನಿನ ಮಸಾಲೆ ಮೂರೂ ಸೇರಿದ ಒಂದು ವಾಸನೆ. ಬಂಗುಡೆಗಳು ಮರಳಿನಲ್ಲಿ ಚೆಲ್ಲಿದ್ದವು. ಅಪ್ಪ “ಲಲಿತಾ, ಲಲಿತಾ” ಎನ್ನುತ್ತ ಬರಿಗೈಯಲ್ಲಿ ಕಿಟಕಿಯ ಚೌಕಟ್ಟು ಕೀಳುತ್ತಿದ್ದರು. ಮೂರ್ತಿ ಅಂಕಲ್ ಎಲ್ಲಿಗೆ ಓಡಿದರು ಗೊತ್ತೆ? ಬೈಕುಗಳ ಹತ್ತಿರ. ಪೆಟ್ರೋಲು ಸೋರುತ್ತಿತ್ತು, ಬೆಂಕಿ ಹೊತ್ತೀತೆಂದು ಹೋದೆ ಎಂದು ಆಮೇಲೆ ಹೇಳಿದರು. ನಾನು ನೋಡಿದ್ದೇನೆ. ಅವರು ಹ್ಯಾಂಡಲ್ ನೆಟ್ಟಗಿದೆಯೇ ಎಂದು ತಿರುಗಿಸಿ ನೋಡುತ್ತಿದ್ದರು.

ಅಮ್ಮ ಬದುಕಿದರು. ಮೈಯೆಲ್ಲ ಹಾಲು, ಕೂದಲಲ್ಲಿ ದೇವರ ಪಟದ ಗಾಜಿನ ಚೂರು, ಬಲ ಮೊಣಕೈ ಹಿಂದುಮುಂದಾಗಿತ್ತು. ಪೊಲೀಸರು ಬಂದಾಗ ಯಾರು ಓಡಿಸುತ್ತಿದ್ದರೆಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ಅಂಕಲ್ ಬೆರಳು ತೋರಿಸಿದರು. “ಹಾದಾ ಸಾಯಿಕ್.” ಇವನು ಡ್ರೈವರ್ ಎಂದು. ಬೆಳಿಗ್ಗೆ ಕಾಫಿ ಕುಡಿಯುವಾಗ ಅಪ್ಪ ಅವರಿಗೆ ‘ನಮ್ಮ ಸದಾನಂದ’ ಆಗಿದ್ದರು.

ಗುಂಪಿನಲ್ಲಿ ಕಥೆ ಹಬ್ಬಲು ಒಂದು ವಾರ ಬೇಕಾಗಲಿಲ್ಲ. ಸದಾನಂದ ಜೋರಾಗಿ ಓಡಿಸಿದ, ಹೆದರಿ ಬ್ರೇಕ್ ಹೊಡೆದ. ಸಂಕ್ರಾಂತಿ ಕೂಟದಲ್ಲಿ ನಾವು ಒಳಗೆ ಕಾಲಿಟ್ಟಾಗ ಯಾರೋ, “ಸದಾನಂದಣ್ಣ ಬಂದ್ರು, ಪಾರ್ಕಿಂಗಿಂದ ಮಕ್ಕಳನ್ನ ಒಳಗೆ ಕರೀರಿ ಮಾರ್ರೆ,” ಎಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಆ ನಗುವನ್ನು ನಾನು ಕ್ಷಮಿಸಿಲ್ಲ.

“ಯಾಕಪ್ಪ ನೀವು ಹೇಳುದಿಲ್ಲ?” ಎಂದು ಮನೆಗೆ ಬಂದು ನಾನು ಅತ್ತುಬಿಟ್ಟೆ.

“ಯಾರು ನಂಬ್ತಾರೆ ಮಗಾ? ಅವರು ಇಂಜಿನಿಯರ್.”

ನಮ್ಮ ಫೋನು ಕ್ರಮೇಣ ಸುಮ್ಮನಾಯಿತು. ಏರ್‌ಪೋರ್ಟಿಗೆ ಜನ ಟ್ಯಾಕ್ಸಿ ಹಿಡಿದರು. ಶಾಲೆಯ ಬಸ್ಸಿನಲ್ಲಿ ನಿಖಿಲ್ ಒಮ್ಮೆ ಚಾಕೊಲೇಟ್ ಕೊಡಲು ಬಂದ. ಬ್ರೇಕಿನ ಆ ಮಾತನ್ನು ಅವನೂ ಕೇಳಿಸಿಕೊಂಡಿದ್ದ, ಅವನ ತಾಯಿಯೂ ಕೇಳಿಸಿಕೊಂಡಿದ್ದರು. ಚಾಕೊಲೇಟನ್ನು ಕಿಟಕಿಯಿಂದ ಎಸೆದೆ. ಅವರ ಬೈಕು ಸುಟ್ಟುಹೋಗಲಿ, ಮನೆಗೆ ಕಳ್ಳರು ನುಗ್ಗಲಿ, ಎಲ್ಲರೆದುರು ಅವರ ಪಂಚೆ ಕಳಚಿ ಬೀಳಲಿ ಎಂದು ಹನ್ನೆರಡು ವರ್ಷದ ಹುಡುಗಿ ನಾನು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ. ಇಂಜಿನಿಯರಿಂಗ್ ಕಾಲೇಜಿಗೆ ಹೋದ ಮೇಲೆ ತರಗತಿಯಲ್ಲಿ ಒಂದು ದಿನ ಎಳೆಯುವ ಗಾಡಿಗಳ ವಿಷಯ ಬಂತು. ಭಾರ ಮುಂದಿರಬೇಕು, ಬಾಲಕ್ಕೆ ಭಾರ ಬಿದ್ದರೆ ಗಾಡಿ ಬೀಸುತ್ತದೆ, ಬೀಸುವಾಗ ಕಾರಿನ ಬ್ರೇಕು ಒತ್ತಿದರೆ ಮುಗಿಯಿತು. ಯಾವ ಮೆಕ್ಯಾನಿಕಲ್ ಇಂಜಿನಿಯರಿಗೂ ಗೊತ್ತಿರಬೇಕಾದ ಪಾಠ. ನೋಟ್‌ಬುಕ್ಕಿನಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದೆ.

ಓದು ಮುಗಿಸಿ ಕೆಲಸ ಹಿಡಿದು ಕುವೈತಿಗೇ ಮರಳಿದ್ದೇನೆ. ಹೋದ ಚಳಿಗಾಲ ಮೂರ್ತಿ ಅಂಕಲ್ ನಿವೃತ್ತರಾಗಿ ಮೈಸೂರಿಗೆ ಹೊರಟರು. ಊರೊಳಗಿನ ಸಾಲ್ಮಿಯಾದ ಒಂದು ಹೋಟೆಲಿನಲ್ಲಿ ಮಧ್ಯಾಹ್ನದ ಊಟ, ಬೀಳ್ಕೊಡುಗೆ. ಅಪ್ಪ ಬೇಡವೆಂದರೂ ನಾನು ಹಟ ಮಾಡಿ ಮೂವರೂ ಹೋದೆವು. ಅಂಕಲ್ ಮೈಕು ಹಿಡಿದು ಹಳೆಯ ನೆನಪು ಹೇಳುತ್ತ ಹೇಳುತ್ತ ನಮ್ಮ ಟೇಬಲ್ಲಿನತ್ತ ಕೈ ಮಾಡಿದರು. “ನಮ್ಮ ಸದಾನಂದ ಒಂದ್ಸಲ ನಮ್ಮನ್ನೆಲ್ಲ ಸೀದಾ ಸ್ವರ್ಗಕ್ಕೇ ಕರ್ಕೊಂಡು ಹೊರಟಿದ್ದ! ಬ್ರೇಕ್ ಯಾವಾಗ ಹೊಡೀಬೇಕು ಅಂತ ಆವತ್ತು ಕಲ್ತ.”

ಹಾಲೆಲ್ಲ ನಗು. ನಾನು ಎದ್ದು ಹೋಗಿ ಅವರ ಕೈಯಿಂದ ಮೈಕು ತೆಗೆದುಕೊಂಡೆ.

“ಬ್ರೇಕ್ ಹೊಡಿ ಅಂತ ಹೇಳಿದ್ದು ನೀವು ಅಂಕಲ್. ಅಪ್ಪ ಬೇಡ ಅಂದ್ರು. ಇಂಜಿನಿಯರ್ ನಾನಾ ನೀನಾ ಅಂತ ಕೇಳಿದ್ರಿ. ಭಾರ ಎಲ್ಲ ಹಿಂದಕ್ಕೆ ಹಾಕಿಸಿದ್ದೂ ನೀವೇ. ನನ್ನ ಅಮ್ಮ ಒಳಗಿರುವಾಗ ನೀವು ಬೈಕ್ ನೋಡ್ಲಿಕ್ಕೆ ಓಡಿದ್ರಿ.”

“ಏಯ್, ನೀನಾಗ ಮಗು ಕಣಮ್ಮ,” ಅಂಕಲ್ ನಗುತ್ತಲೇ ಇದ್ದರು. “ನಿಂಗೇನು ನೆನಪಿರತ್ತೆ?”

“ನನಗಿಲ್ಲದಿದ್ರೆ ಬೇಡ. ಸುಧಾ ಆಂಟಿ, ನೀವು ನನ್ನ ಪಕ್ಕದಲ್ಲೇ ಇದ್ರಲ್ಲ?”

ಆಂಟಿ ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಇದ್ದರು. ಬಡಿಸುವವರೂ ನಿಂತರು. ಕೊನೆಗೆ ತಲೆಯೆತ್ತದೆ ಹೇಳಿದರು. “ಇವ್ರೇ ಹೇಳಿದ್ದು. ಎರಡು ಸಲ ಹೇಳಿದ್ರು.”

ಅಂಕಲ್ ಮುಖದಲ್ಲಿ ನಗು ಹಾಗೇ ಉಳಿದಿತ್ತು, ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ನಾನು ಅದನ್ನು ಕಣ್ತುಂಬ ನೋಡಿದೆ. ಸಂಕ್ರಾಂತಿಯಲ್ಲಿ ನಕ್ಕವರೊಬ್ಬರು ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟರು. ಅಪ್ಪ ಆ ಕೈಯನ್ನು ಮೆಲ್ಲಗೆ ತೆಗೆದರು.

ಮನೆಗೆ ಬರುವಾಗ ಕಾರು ಓಡಿಸಿದ್ದು ನಾನು. ಅಪ್ಪ ಓಡಿಸುವುದನ್ನು ಬಿಟ್ಟು ವರ್ಷಗಳಾಗಿವೆ. “ಇನ್ನು ಎಲ್ಲರಿಗೂ ಗೊತ್ತಾಯ್ತಲ್ಲ ಅಪ್ಪ,” ಎಂದೆ.

“ಗೊತ್ತಾಯ್ತು ಮಗಾ,” ಎಂದರು. “ಆದ್ರೆ ಒತ್ತಿದ್ದು ನನ್ನ ಕಾಲೇ ಅಲ್ವಾ? ಒಳಗೆ ನಿನ್ನ ಅಮ್ಮ ಇದ್ದದ್ದು ನನಗೆ ಗೊತ್ತಿತ್ತು.”

ಹಿಂದಿನ ಸೀಟಿನಲ್ಲಿದ್ದ ಅಮ್ಮ ಮುಂದಕ್ಕೆ ಬಾಗಿದರು. ನೆಟ್ಟಗಾಗದ ಆ ಕೈಯನ್ನು ಸೀಟುಗಳ ನಡುವೆ ತೂರಿಸಿ ಅಪ್ಪನ ತೋಳು ಹಿಡಿದುಕೊಂಡರು, ಮನೆ ಬರುವವರೆಗೂ.

ಅಪ್ಪನ ಹೆಸರನ್ನು ನಾನು ವಾಪಸು ತಂದೆ. ಆ ಹೆಸರಿಟ್ಟುಕೊಂಡು ಧೈರ್ಯವಾಗಿ ಓಡಾಡುತ್ತಿದ್ದ ಮನುಷ್ಯನನ್ನು ತರಲಾಗಲಿಲ್ಲ. ಗಾಜಿಗೆ ಮೂಗು ಒತ್ತಿ ನಗಿಸುತ್ತಿದ್ದ ಅಮ್ಮನೂ ಆ ರಸ್ತೆಯಲ್ಲೇ ಉಳಿದರು. ಮೂರ್ತಿ ಅಂಕಲ್‌ಗೆ ಮೈಸೂರಿನ ಹವಾ ಒಗ್ಗಿದೆಯಂತೆ, ಮಲಗಿದರೆ ಒಳ್ಳೆ ನಿದ್ದೆಯಂತೆ. ಇದನ್ನು ಓದಿದ ಮೇಲೆ ಆ ನಿದ್ದೆ ಬರಬಾರದು ಎಂದು ನನ್ನ ಆಸೆ.