ಎಂಟು ತಿಂಗಳ ಹಿಂದಿನ ಸುದ್ದಿ

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹಳೆಯ ದಿನಪತ್ರಿಕೆಗಳನ್ನು ತಿಂಗಳಿಗೊಂದು ಕಟ್ಟಾಗಿ ಹೊಲಿಯುವ ಬೈಂಡರನಿಗೆ ದೇಶದ ಸುದ್ದಿ ಎಂಟು ತಿಂಗಳು ತಡವಾಗಿ ತಲುಪುತ್ತಿತ್ತು. ತಡ ಎನ್ನುವುದು ನಿಮ್ಮ ನಮ್ಮ ಮಾತು. ಅವನಿಗೆ ಹಾಗನ್ನಿಸಿದ್ದೇ ಇಲ್ಲ. ಇವತ್ತಿನ ಪತ್ರಿಕೆ ಇನ್ನೂ ಕಾಯಿ, ಹಣ್ಣಾಗಲಿ ಎನ್ನುತ್ತಿದ್ದ. ಎಂದೋ ಕುರ್ಚಿ ಕಳೆದುಕೊಂಡ ಮಂತ್ರಿ ಅವನ ಮೇಜಿನ ಮೇಲೆ ಇನ್ನೂ ನಗುನಗುತ್ತ ಸೇತುವೆ ಉದ್ಘಾಟಿಸುತ್ತಿದ್ದ. ಕಿಟಕಿಯ ಬಿಸಿಲು ಸಾಲಿನಿಂದ ಸಾಲಿಗೆ ಸರಿಯುತ್ತಿದ್ದರೆ ಸೂಜಿ ಕೈಯಲ್ಲೇ ಉಳಿದು, ತಾನು ಯಾವ ತಿಂಗಳಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಒಮ್ಮೆ ಈ ಮಹಾನುಭಾವ, ನಾಳೆ ಮುಷ್ಕರ, ಬಸ್ಸಿಲ್ಲ ಎಂದು ತವರಿಗೆ ಹೊರಟ ಹೆಂಡತಿಯನ್ನು ತಡೆದಿದ್ದ. ಆ ಮುಷ್ಕರ ಮುಗಿದು ಎಂಟು ತಿಂಗಳಾಗಿತ್ತು.

ಅಣ್ಣನೊಂದಿಗೆ ಮಾತು ಬಿಟ್ಟಿದ್ದು ಕಳೆದ ಚುನಾವಣೆಯಲ್ಲಿ. ಒಬ್ಬೊಬ್ಬರಿಗೆ ಒಬ್ಬೊಬ್ಬ ನಾಯಕ. ಅಣ್ಣನ ಮನೆಯಲ್ಲಿ ಊಟಕ್ಕೆ ಕೂತವನು ಮಾತಿಗೆ ಮಾತು ಬೆಳೆದು, ಅತ್ತಿಗೆ ಬೇಡ ಬೇಡ ಎನ್ನುತ್ತಿದ್ದರೂ ಅರ್ಧಕ್ಕೆ ಎದ್ದು ಬಂದಿದ್ದ. ಮರುವಾರದಿಂದ ಅಣ್ಣ ದಿನಾ ಬೆಳಗ್ಗೆ ಗ್ರಂಥಾಲಯಕ್ಕೆ ಬಂದು, ಬೈಂಡರ್ ಒಳಗೆ ಹೋಗುವ ದಾರಿಯಲ್ಲೇ ಪತ್ರಿಕೆ ಬಿಚ್ಚಿಕೊಂಡು ಕೂರತೊಡಗಿದ. ತನ್ನ ಹೊಟ್ಟೆ ಉರಿಸಲಿಕ್ಕೇ ಬರುತ್ತಾನೆಂದು ಇವನು ತಲೆತಗ್ಗಿಸಿ ದಾಟಿಬಿಡುತ್ತಿದ್ದ.

"ಭಾವ ತುಂಬಾ ಇಳಿದುಹೋಗಿದ್ದಾರೆ ಕಣ್ರೀ. ಒಂದ್ಸಲ ಮಾತಾಡ್ಸಬಾರ್ದಾ?" ಎಂದಳು ಹೆಂಡತಿ.

"ದೊಡ್ಡವನು ಅವನು. ಅವನೇ ಮಾತಾಡ್ಸಲಿ."

ಹೇಳಿದನೇ ಹೊರತು, ಮೂವತ್ತು ವರ್ಷ ಎಲ್ಲವನ್ನೂ ಯಾರಿಗೆ ಹೇಳಿಕೊಂಡಿದ್ದನೋ ಆ ಒಬ್ಬನಿಲ್ಲದೆ ಅವನಿಗೆ ದಿನ ಸಾಗುತ್ತಿರಲಿಲ್ಲ. ಅಣ್ಣ ಬೇಕಾಗಿತ್ತು, ಅಷ್ಟೇ.

ಮೊನ್ನೆ ಆ ಚುನಾವಣೆಯ ತಿಂಗಳೇ ಮೇಜಿಗೆ ಬಂತು. ಮೂರನೆಯ ಪುಟ ಮಡಚುವಾಗ ಕೈ ನಿಂತಿತು. ಅಂದು ಅಣ್ಣನ ಮುಖಕ್ಕೆ ಎಸೆದ ಮಾತುಗಳೆಲ್ಲ ಅಲ್ಲಿದ್ದವು, ತನ್ನ ನಾಯಕನ ಭಾಷಣದಲ್ಲಿ, ಅಕ್ಷರಕ್ಕೆ ಅಕ್ಷರ. ಅಣ್ಣ ಆಡಿದ್ದು ಪಕ್ಕದ ಅಂಕಣದಲ್ಲಿತ್ತು. ಯಾರೋ ಬರೆದುಕೊಟ್ಟ ಜಗಳವನ್ನು ತಾವಿಬ್ಬರೂ ಬಾಯಿಪಾಠ ಒಪ್ಪಿಸಿದ್ದೆವಲ್ಲ ಎಂದು ಬೈಂಡರನಿಗೆ ನಾಚಿಕೆಯಾಯಿತು. ದುಃಖವೂ ಆಯಿತು.

ಕೈಗಂಟಿದ ಅಂಟನ್ನೂ ಒರೆಸಿಕೊಳ್ಳದೆ ಹೋಗಿ ಅಣ್ಣನ ಎದುರು ಕೂತ.

"ಅಣ್ಣ, ಅವತ್ತು ನಾನು ಆಡಿದ್ದು ನನ್ನ ಮಾತಲ್ಲ. ತಪ್ಪಾಯ್ತು."

ಪತ್ರಿಕೆ ಕೆಳಗಿಳಿಯಲಿಲ್ಲ. ಅದರ ಹಿಂದಿನಿಂದ ದನಿ ಬಂತು. "ನಂದೂ ಅಷ್ಟೇ ಬಿಡು."

ಇವನು ಕೇಳಿದ, "ಏನಿದೆ ಇವತ್ತು ಪೇಪರಲ್ಲಿ?"

"ಬೆಳಗ್ಗೆ ಮನೇಲೇ ಓದಿ ಆಯ್ತು. ನಮ್ಮನೆಗೂ ಇದೇ ಪೇಪರ್ ಬರೋದು ಕಣೋ."

ಓದಿ ಮುಗಿಸಿದ್ದ ಪತ್ರಿಕೆಯನ್ನೇ ಹಿಡಿದುಕೊಂಡು ಅಣ್ಣ ಎಂಟು ತಿಂಗಳು ಆ ಕುರ್ಚಿಯಲ್ಲಿ ಕೂತಿದ್ದ.